ಒಬ್ಬಟ್ಟಿನ ಸಾರು ಫ್ರಿಜ್ಜು ಸೇರಿದ್ದು

ಪಾಠ ಹೇಳುವ ಕೆಲಸದಲ್ಲಿರುವವರಿಗೆ ಒಂದು ಕಾಯಿಲೆ ಇರುತ್ತದೆ. ಶಾಲೆಯ ಗಂಟೆ ಹೊಡೆದ ಮೇಲೂ ಅವರ ಪಾಠ ನಿಲ್ಲುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಸೊಪ್ಪು ಮಾರುವವಳಿಗೆ, ಕಟ್ಟಿಕೊಂಡ ಗಂಡನಿಗೆ, ಯಾರೂ ಸಿಗದಿದ್ದರೆ ಗೋಡೆಗೆ. ನನಗೆ ಈ ಕಾಯಿಲೆ ಹದಿನೆಂಟು ವರ್ಷದಿಂದ ಇದೆ. ದೊಡ್ಡಬಳ್ಳಾಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಎಂಟನೇ ತರಗತಿಯ ಗೋಡೆಯ ಮೇಲೆ ನಾನೇ ಬಣ್ಣ ಹಚ್ಚಿದ ಫ್ರಿಜ್ಜಿನ ಚಿತ್ರವೊಂದು ತೂಗುತ್ತಿದೆ. ಬೇಯಿಸಿದ ಪದಾರ್ಥ ಮೇಲೆ, ಹಸಿ ಮಾಂಸ ಎಲ್ಲಕ್ಕಿಂತ ಕೆಳಗೆ, ಎಲ್ಲದಕ್ಕೂ ಮುಚ್ಚಳ. ಆ ಚಿತ್ರದ ಫ್ರಿಜ್ಜಿನಲ್ಲಿ ಜಾಗವೋ ಜಾಗ. ಬರೆದವಳ ಮನೆಯ ಫ್ರಿಜ್ಜನ್ನು ನೋಡಿದವರು ಯಾರೂ ಅದನ್ನು ನಂಬಲಾರರು.

ನಮ್ಮದು ಹಳೆಯ ಫ್ರಿಜ್ಜು, ಒಳಗೆ ತಂತಿಯ ತಟ್ಟೆಗಳು. ಅದರಲ್ಲಿ ಮಹಡಿ ಮನೆಯ ಬಾಡಿಗೆಯವರ ಮಲ್ಲಿಗೆ ಮೊಗ್ಗು, ನನ್ನ ಗಂಡ ನಾಗರಾಜನ ಕಣ್ಣಿನ ಹನಿ, ಅರ್ಧರ್ಧ ಹೆಚ್ಚಿದ ಐದು ನಿಂಬೆಹಣ್ಣು ಇವೆಲ್ಲ ಕಾಯಂ ನಿವಾಸಿಗಳು. ಒಂದು ನೀಲಿ ಡಬ್ಬಿ ಯಾವುದೋ ಕಾಲದಿಂದ ಇದೆ. ಅದು ಬಾಡಿಗೆಯವರದೆಂದು ನಾನೂ ನನ್ನದೆಂದು ಅವರೂ ತಿಳಿದು ಇಬ್ಬರೂ ತೆರೆದು ನೋಡಿಲ್ಲ. ಮೇಲಿನ ಐಸ್ ಪೆಟ್ಟಿಗೆಯ ತುಂಬ ಅವರೆಕಾಯಿ ಕಾಲದಲ್ಲಿ ಹಿತಕಿಟ್ಟ ಬೇಳೆ. ಅದನ್ನು ಯುಗಾದಿ ದಾಟಿಸುವುದು ನಮ್ಮ ಕಡೆಯ ಹೆಂಗಸರಿಗೆ ಮರ್ಯಾದೆಯ ಪ್ರಶ್ನೆ.

ಅತ್ತೆ ಗೌರಮ್ಮನವರು ಇದನ್ನು ತಂಗಳು ಪೆಟ್ಟಿಗೆ ಎಂದು ಕರೆಯುತ್ತಾರೆ. ತೂಬಗೆರೆಯಲ್ಲಿ ಹೊಲ, ಹಸು ನೋಡಿಕೊಂಡಿದ್ದವರು ಮೂರು ವರ್ಷದ ಹಿಂದೆ ನಮ್ಮ ಜೊತೆಗೆ ಬಂದರು. ಬರುವಾಗ ಮಜ್ಜಿಗೆಯ ಮಣ್ಣಿನ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡೇ ಬಸ್ಸಿಳಿದರು. ಅಡಿಗೆಮನೆಯ ಮೂಲೆಯಲ್ಲಿ ಒದ್ದೆ ಮರಳಿನ ಮೇಲೆ ಅದು ಕೂತಿದೆ. ಅದನ್ನು ಅಟ್ಟಕ್ಕೆ ಏರಿಸಲು ನಾನು ಮಾಡಿದ ಭಾಷಣಗಳಿಗೆ ಲೆಕ್ಕವಿಲ್ಲ. "ಆಗ್ಲಿ ಮಿಸ್ಸಮ್ಮ" ಎನ್ನುತ್ತಾರೆ, ಗಡಿಗೆ ಅಲ್ಲೇ ಇರುತ್ತದೆ.

ಒಬ್ಬಟ್ಟಿನ ಸಾರಿನ ವಿಷಯಕ್ಕೆ ಬರುತ್ತೇನೆ. ಯುಗಾದಿಯ ದಿನ ಒಬ್ಬಟ್ಟಿಗೆ ಬೇಳೆ ಬೇಯಿಸಿ ಬಸಿದ ಕಟ್ಟಿನಲ್ಲಿ ಮಾಡುವ ಆ ಸಾರು ಮೊದಲ ದಿನ ಬರೀ ಸಾರು. ದಿನಕ್ಕೆರಡು ಸಲ ಕುದಿಸಿ ಕುದಿಸಿ ಮೂರನೇ ದಿನಕ್ಕೆ ಬಂದಾಗಲೇ ಅದಕ್ಕೆ ಅದರ ರುಚಿ. ಆ ಮೂರನೇ ದಿನಕ್ಕೆ ಸರಿಯಾಗಿ ನಮ್ಮ ತಾಲ್ಲೂಕಿನದೇ ಮಧುರೆಯಿಂದ ಅತ್ತೆಯ ತಮ್ಮ ಬರುತ್ತಾರೆ. ನಾವೆಲ್ಲ ಮಧುರೆ ಮಾವ ಎನ್ನುವ ಅವರು ತುಳಸಿ ಮಣಿ ಕಟ್ಟಿಕೊಂಡವರು, ಮಾಂಸ ಮುಟ್ಟುವುದಿಲ್ಲ. ಹಬ್ಬದ ಮಾರನೇ ದಿನ ಹೊಸತೊಡಕು, ಊರೆಲ್ಲ ಬಾಡೂಟ. ಅದು ಮುಗಿದು, ಪಾತ್ರೆಗಳೆಲ್ಲ ತೊಳೆದಾದ ಮೇಲೆ ಅಕ್ಕನ ಕೈಯ ಸಾರು ಉಣ್ಣಲು ಬರುತ್ತಾರೆ. ಅವ್ವ ತೀರಿಕೊಂಡ ಮೇಲೆ ಆ ರುಚಿ ಇರುವುದು ಅಕ್ಕನ ಕೈಯಲ್ಲಿ ಮಾತ್ರ ಎನ್ನುತ್ತಾರೆ. ಅತ್ತೆಗೆ ವರ್ಷದಲ್ಲಿ ಇದೊಂದೇ ದಿನ ನಿಜವಾದ ಹಬ್ಬ.

ಈ ವರ್ಷ ಬಿಸಿಲು ಜೋರಿತ್ತು. ನನ್ನ ಕಾಯಿಲೆಯೂ ಜೋರಾಯಿತು. "ಅತ್ತೆ, ಸಾರು ಹೊರಗಿಡಬೇಡಿ, ಫ್ರಿಜ್ಜಿನಲ್ಲಿಡಿ" ಎಂದು ಹಿಂದೆ ಬಿದ್ದೆ.

"ಅಲ್ಲ ಕಣವ್ವಾ, ಅರವತ್ತು ವರ್ಷದಿಂದ ಕುದ್ಸಿ ಇಡ್ತಿದೀನಿ, ಯಾರಾದ್ರೂ ಸತ್ತವ್ರಾ?" ಎಂದರು. ನಾನು ಸೂಕ್ಷ್ಮಜೀವಿಗಳ ವಂಶಾವಳಿ ತೆಗೆದೆ. ಕೊನೆಗೆ ಅವರಿಗೆ ಸಾಕಾಯಿತು. "ಆಯ್ತು, ನಿನ್ ಪೆಟ್ಟಿಗೇಲೇ ಇಡು."

ಗೆದ್ದೆ. ಆದರೆ ಸಾರಿನ ಪಾತ್ರೆ ಎತ್ತರ. ಮುಚ್ಚಳವಿಟ್ಟರೆ ಮೇಲಿನ ತಂತಿಗೆ ತಗಲುತ್ತಿತ್ತು. ಮುಚ್ಚಳ ತೆಗೆದು ತೆಳು ಬಟ್ಟೆ ಕಟ್ಟಿ ನಡುವಿನ ಅರೆಯಲ್ಲಿ ಕೂರಿಸಿದೆ. ಎಲ್ಲದಕ್ಕೂ ಮುಚ್ಚಳ ಎಂದು ಗೋಡೆಗೆ ಬರೆದವಳು ನಾನೇ.

ಹೊಸತೊಡಕಿನ ಬೆಳಿಗ್ಗೆ ತೂಬಗೆರೆಯಿಂದ ನಮ್ಮ ಪಾಲಿನ ಗುಡ್ಡೆ ಮಾಂಸ ಬಂತು. ಊರಿನಲ್ಲಿ ಹತ್ತಾರು ಮನೆಯವರು ಸೇರಿ ಕುರಿ ಕಡಿಸಿ, ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವ ಪದ್ಧತಿ. ಅರ್ಧ ಬೇಯಿಸಿದೆವು, ಉಳಿದರ್ಧ ಹಸಿಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಫ್ರಿಜ್ಜು ಸೇರಿತು. ಸಂಜೆ, ಮಾವನ ದೋಸೆಗೆಂದು ಹಿಟ್ಟು ರುಬ್ಬಿ, ಅದನ್ನೂ ಫ್ರಿಜ್ಜಿಗೆ ಸೇರಿಸಿ ಮಲಗಿದೆ.

ಮೂರನೇ ದಿನ ಬೆಳಿಗ್ಗೆ ಹಾಲು ತೆಗೆಯಲು ಬಾಗಿಲು ತೆರೆದರೆ, ಸಾರಿನ ಮೇಲಿನ ಬಿಳಿ ಬಟ್ಟೆಯಲ್ಲಿ ಅಂಗೈಯಗಲ ಕೆಂಪು ಕಲೆ. ಮೇಲಿನ ಅರೆಯಲ್ಲಿ ಮಾಂಸದ ಚೀಲ. ಅದರ ಮೂಲೆಯಿಂದ ಇನ್ನೊಂದು ಹನಿ ಆಗತಾನೇ ಇಳಿಯುತ್ತಿತ್ತು.

ಮೊದಲು ಗಂಡನನ್ನು ಕೂಗಿದೆ. ಮನೆಯಲ್ಲಿ ತಪ್ಪಾದಾಗ ಅವರನ್ನು ಕೂಗುವುದು ಅಭ್ಯಾಸ. ಹಸಿ ಮಾಂಸ ಮೇಲಿಡುವಷ್ಟು ಬುದ್ಧಿ ಬೇಡವೇ, ನನ್ನ ಎಂಟನೇ ತರಗತಿಯ ಮಕ್ಕಳಿಗೆ ಗೊತ್ತಿದೆ ಎಂದೆಲ್ಲ ಆಡಿದೆ. ಅವರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕೇಳಿ, ಉಗಿದು ಬಂದು, "ಕುದ್ಸ್‌ಬಿಡು ಮಾರಾಯ್ತಿ, ಯಾರಿಗ್ ಗೊತ್ತಾಗ್ತದೆ" ಎಂದರು.

ಒಪ್ಪಿಕೊಳ್ಳುತ್ತೇನೆ, ಆ ಮಾತು ನನಗೆ ಹಿತವಾಗಿ ಕೇಳಿಸಿತು. ಚೆನ್ನಾಗಿ ಕುದಿಸಿದರೆ ಯಾವ ಜೀವಿಯೂ ಉಳಿಯುವುದಿಲ್ಲ, ವಿಜ್ಞಾನ ನನ್ನ ಕಡೆಗಿದೆ. ಆದರೆ ತುಳಸಿ ಮಣಿ? ಅದನ್ನು ಯಾವ ಉಷ್ಣತೆಯಲ್ಲಿ ಕುದಿಸುವುದು? ಪಾತ್ರೆ ಹಿಡಿದು ಒಲೆಯ ಮುಂದೆ ನಿಂತೇ ಇದ್ದೆ. ಹಿಂದೆ ಅತ್ತೆ ನಿಂತಿದ್ದರು.

"ಮಾಂಸ ನಾನು ಕೆಳಗೇ ಇಟ್ಟಿದ್ನಲ್ಲವ್ವಾ, ಹಿಟ್ಟಿಡಕ್ಕೆ ತೆಗೆದ್ಯಾ?" ಎಂದರು, ಅಷ್ಟೇ.

ಆಗ ನೆನಪಾಯಿತು. ಹಿಂದೊಮ್ಮೆ ಹಿಟ್ಟು ಉಕ್ಕಿ ಇಡೀ ಫ್ರಿಜ್ಜು ತೊಯ್ದಿತ್ತು. ಅದಕ್ಕೇ ಈ ಸಲ ಬಲು ಜಾಣತನದಿಂದ ಹಿಟ್ಟನ್ನು ಎಲ್ಲಕ್ಕಿಂತ ಕೆಳಗಿಟ್ಟು, ಅಲ್ಲಿದ್ದ ಚೀಲವನ್ನು ಎತ್ತಿ ಮೇಲೆ ಹಾಕಿದ್ದೆ. ಅಕ್ಷರ ಬಾರದ ಅತ್ತೆ ನನ್ನ ಚಿತ್ರದಲ್ಲಿದ್ದಂತೆಯೇ ಇಟ್ಟಿದ್ದರು. ಕೆಡಿಸಿದವಳು ಚಿತ್ರ ಬರೆದವಳು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಅತ್ತೆ ಪಾತ್ರೆ ಇಸಿದುಕೊಂಡು ಹಿತ್ತಲಿಗೆ ಹೋಗಿ ತೆಂಗಿನ ಬುಡಕ್ಕೆ ಸುರಿದು ಬಂದರು. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಮಾವ ಬಂದರು. ಕೈಕಾಲು ತೊಳೆದು ಕೂತು ಮಜ್ಜಿಗೆಯ ಲೋಟ ಹಿಡಿದವರೇ, "ಎಲ್ಲಕ್ಕಾ, ಸಾರಿನ್ ವಾಸ್ನೆನೇ ಇಲ್ಲ?" ಎಂದರು.

"ಚೆಲ್ಲೋಯ್ತು ಕಣಪ್ಪಾ. ಇಳ್ಸೋವಾಗ ಕೈ ನಡುಗ್ಬಿಡ್ತು" ಎಂದರು ಅತ್ತೆ.

ಇಪ್ಪತ್ತು ಸೇರಿನ ಹಂಡೆ ಈಗಲೂ ಒಬ್ಬರೇ ಇಳಿಸುವ ಹೆಂಗಸು. ನಾನು ಬಾಗಿಲ ಸಂದಿಯಲ್ಲಿ ನಿಂತು, ಒಳ್ಳೆಯದೇ ಆಯಿತು ಎಂದುಕೊಂಡೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಮಾವನ ಮುಖ ಇಳಿಯಿತು. ಅಕ್ಕನ ಕೈ ಹಿಡಿದು ತಿರುಗಿಸಿ ನೋಡಿದರು. "ವಯಸ್ಸಾಯ್ತು ಬಿಡಕ್ಕಾ. ಬಿಸಿ ಸಾರು ಮೈಮೇಲ್ ಬಿದ್ದಿದ್ರೆ ಏನ್ ಗತಿ? ಬರೋ ವರ್ಷದಿಂದ ನೀನು ಮಾಡ್ಬೇಡ. ಸೊಸೆ ಮಾಡ್ಲಿ, ಓದಿದೋಳು, ಎಲ್ಲಾ ನೀಟಾಗಿ ಮಾಡ್ತಾಳೆ."

ಅತ್ತೆ ಹೂಂ ಎಂದರು. ಆ ಹೂಂ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಒಂದು ಪಾತ್ರೆ ಸಾರು ಹೋದರೆ ಹೋಯಿತು, ಅವರ ಹಬ್ಬವನ್ನೇ ಕಿತ್ತುಕೊಂಡು ನನ್ನ ಕೈಗೆ ಕೊಡುತ್ತಿದ್ದರು. ಹೊರಗೆ ಬಂದು, "ಮಾವಾ, ಅತ್ತೆ ಚೆಲ್ಲಲಿಲ್ಲ. ಕೆಡಿಸಿದ್ದು ನಾನು" ಎಂದು ಚೀಲ, ಹಿಟ್ಟು, ಬಟ್ಟೆ, ಕಲೆ ಎಲ್ಲವನ್ನೂ ಒಪ್ಪಿಸಿದೆ. ತರಗತಿಯ ಮುಂದೆ ನಿಂತು ಪಾಠ ಒಪ್ಪಿಸುವ ಹುಡುಗಿಯ ಹಾಗೆ ಒಂದೂ ಬಿಡದೆ ಹೇಳಿದೆ.

ಮಾವ ಪೂರ್ತಿ ಕೇಳಿದರು. ಬಾಯಿಗೆ ಒಯ್ಯುತ್ತಿದ್ದ ಲೋಟ ಅರ್ಧದಲ್ಲೇ ನಿಂತಿತು. ಲೋಟದೊಳಗೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಲೋಟವನ್ನು ನೋಡಿದರು.

"ಈ ಮಜ್ಜಿಗೆ ಎಲ್ಲಿತ್ತಮ್ಮಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ನನ್ ಗಡಿಗೇಲಿತ್ತು, ಕುಡಿ" ಎಂದರು.

ಮಾವ ಗಟಗಟ ಕುಡಿದು ಲೋಟ ಕೆಳಗಿಟ್ಟರು. "ಹಂಗಾದ್ರೆ ಬರೋ ವರ್ಷನೂ ನೀನೇ ಮಾಡಕ್ಕಾ. ಕುದ್ಸಿ ಕುದ್ಸಿ ಹೊರಗೇ ಇಡು."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿದರು. "ನಂದೇನಪ್ಪಾ, ಮಿಸ್ಸಮ್ಮನ್ನ ಒಂದ್ ಮಾತ್ ಕೇಳ್ಬೇಕು."

ನಾನು ಅಡಿಗೆಮನೆಗೆ ಹೋಗಿ ಆ ಗಡಿಗೆಯನ್ನೇ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಮಾವನ ಲೋಟ ಮತ್ತೆ ತುಂಬಿಸಿದೆ.