ಕಂಬ ಹತ್ತುವ ಫೋನು

ಎಡಗಡೆಯ ಕ್ಲಿಪ್ಪಿಗೆ ಹದಿನಾಲ್ಕು ಹಲ್ಲು, ಬಲಗಡೆಯದಕ್ಕೆ ಹದಿಮೂರು. ಮುರಿದ ಹಲ್ಲಿನ ಜಾಗ ಸವೆದು ನುಣುಪಾಗಿತ್ತು. ಅಂದರೆ ಮುರಿದ ಮೇಲೂ ಯಾರೋ ಅದನ್ನು ಬಹಳ ವರ್ಷ ಬಳಸಿದ್ದಾರೆ. ಇಷ್ಟನ್ನು ನಾನು ಒಂದು ಭಾನುವಾರ ಬೆಳಿಗ್ಗೆ ಶಿವಾಜಿನಗರದ ಗುಜರಿ ಬೀದಿಯಲ್ಲಿ, ಹಳೆಯ ಮಿಕ್ಸಿ ಜಾರುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಎಣಿಸಿದೆ. ನನ್ನ ವಯಸ್ಸಿನವರು ಭಾನುವಾರ ಬೆಳಿಗ್ಗೆ ಬೇರೆ ಏನೇನೋ ಮಾಡುತ್ತಾರೆಂದು ಗೊತ್ತಿದೆ. ಆದರೆ ಏನೆಂದು ತಿಳಿಯದ ಒಂದು ವಸ್ತು ಕಣ್ಣಿಗೆ ಬಿದ್ದರೆ ಅದರ ಹೆಸರು, ವಯಸ್ಸು, ವೃತ್ತಿ ಪತ್ತೆಯಾಗುವ ತನಕ ನನಗೆ ಅನ್ನ ಸೇರುವುದಿಲ್ಲ. ಮನುಷ್ಯರ ವಿಷಯದಲ್ಲಿ ಈ ಕಾಯಿಲೆ ಇಲ್ಲ. ಕುಕ್ ಟೌನಿನಲ್ಲಿ ಸ್ಟೆಲ್ಲಾ ಆಂಟಿಯ ಮನೆಯ ಮಹಡಿಗೆ ಬಾಡಿಗೆಗೆ ಬಂದು ಎರಡು ವರ್ಷವಾದರೂ ಅವರಿಗೆ ಮಕ್ಕಳೆಷ್ಟು ಎಂದು ನಾನು ಕೇಳಿಲ್ಲ. ಅವರೂ ನನ್ನನ್ನು ಕೇಳಬಾರದೆಂಬ ಮುಂಜಾಗ್ರತೆ ಅದು.

ವಸ್ತು ನೋಡಲು ಹಳೆಯ ಫೋನಿನ ರಿಸೀವರಿನಂತಿತ್ತು. ಆದರೆ ಬೆನ್ನ ಮೇಲೆ ಬೆರಳಿಟ್ಟು ತಿರುಗಿಸುವ ಡಯಲ್, ತುದಿಯಲ್ಲಿ ಬೆಲ್ಟಿಗೆ ಸಿಕ್ಕಿಸುವ ಕೊಕ್ಕೆ, ಬಾಲದಂತೆ ಎರಡು ವೈರು, ವೈರಿನ ತುದಿಗೆ ಆ ಹಲ್ಲಿನ ಕ್ಲಿಪ್ಪುಗಳು. ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿದೆ. ಕಾಲೇಜಿನ ಲ್ಯಾಬಿನಲ್ಲಿ ಕಪ್ಪೆ ಇಡುತ್ತಿದ್ದ ಜಾಡಿಯ ವಾಸನೆ ಬಂತು. ಅಲ್ಲಿಗೆ ಇದು ಈಗಿನ ಪ್ಲಾಸ್ಟಿಕ್ ಅಲ್ಲ, ಹಳೆಯ ಕಾಲದ ಫೋನುಗಳ ಬೇಕಲೈಟ್. ನನ್ನ ಎದೆ ಹಾರುತ್ತಿತ್ತು. ಅಂಗಡಿಯ ಮುದುಕರು ಎಂಟುನೂರು ಎಂದರು. ನನ್ನ ಮುಖದ ಒಂದು ವಿಶೇಷವೆಂದರೆ ಒಳಗಿನ ಸಂತೋಷ ಅದನ್ನು ತಲುಪಲು ಒಂದು ದಿನ ಹಿಡಿಯುತ್ತದೆ. ಅವರು ಆ ಮುಖವನ್ನೇ ನೋಡುತ್ತಾ ಆರುನೂರು ಎಂದರು, ಐನೂರು ಎಂದರು, ಕೊನೆಗೆ "ನಾನೂರೈವತ್ತು ಕೊಡಿ ಬೇಟಿ, ಹಂಗೆ ನೋಡ್ಬೇಡಿ" ಎಂದು ಕಾಗದದಲ್ಲಿ ಸುತ್ತಿಕೊಟ್ಟರು.

ಮನೆಗೆ ಬಂದು ಅಳತೆ, ತೂಕ, ಡಯಲಿನ ರಂಧ್ರಗಳನ್ನೆಲ್ಲ ಬರೆದು, ಎಂಟು ಫೋಟೋ ತೆಗೆದು, ಹಳೆ ವಸ್ತು ಸಂಗ್ರಹಿಸುವವರ ವಾಟ್ಸಾಪ್ ಗುಂಪೊಂದಕ್ಕೆ ಕಳಿಸಿದೆ. ಒಬ್ಬರು ಯುದ್ಧಕಾಲದ್ದು, ಲಕ್ಷಕ್ಕೆ ಕಡಿಮೆ ಕೊಡಬೇಡಿ ಎಂದರು. ಇನ್ನೊಬ್ಬರು ರೈಲ್ವೆಯದ್ದು ಎಂದರು. ಮೂರನೆಯವರು ಮುನ್ನೂರು ರೂಪಾಯಿ ಸಿಕ್ಕರೆ ಪುಣ್ಯ ಎಂದರು. ಅಷ್ಟರಲ್ಲಿ ಇಂದಿರಾನಗರದ ಅಲಂಕಾರ ಸಾಮಗ್ರಿಯ ಅಂಗಡಿಯ ಮಾಲೀಕರು ನೇರವಾಗಿ ಬರೆದರು: ಕೆಲಸ ಮಾಡುತ್ತಿದ್ದರೆ ಹನ್ನೊಂದು ಸಾವಿರ, ಇಲ್ಲದಿದ್ದರೆ ಆರು, ಸೋಮವಾರ ಹತ್ತು ಗಂಟೆಗೆ ಒಯ್ಯಲು ಬರುತ್ತೇವೆ, ಒಳಗಿನದೆಲ್ಲ ತೆಗೆದು ಟೇಬಲ್ ಲ್ಯಾಂಪ್ ಮಾಡುತ್ತೇವೆ. ತೆಗೆದು ಬಿಸಾಡುವ ಒಳಗಿನದು ಕೆಲಸ ಮಾಡಿದರೇನು ಬಿಟ್ಟರೇನು ಎಂದು ನನ್ನ ತರ್ಕಬುದ್ಧಿ ಕೇಳಬೇಕಿತ್ತು. ಅದು ಹನ್ನೊಂದು ಸಾವಿರದಿಂದ ನಾನೂರೈವತ್ತನ್ನು ಕಳೆಯುವುದರಲ್ಲಿ ಮಗ್ನವಾಗಿತ್ತು. ಹೆಬ್ಬೆರಳಿನ ಚಿತ್ರ ಕಳಿಸಿ ಒಪ್ಪಿಕೊಂಡುಬಿಟ್ಟೆ.

ಕೆಲಸ ಮಾಡುತ್ತದೆಯೇ ಎಂದು ನೋಡಲು ತಂತಿಯ ಫೋನು ಬೇಕು. ನಮ್ಮ ಬೀದಿಯಲ್ಲಿ ಅದು ಉಳಿದಿರುವುದು ಸ್ಟೆಲ್ಲಾ ಆಂಟಿಯ ಮನೆಯಲ್ಲಿ ಮಾತ್ರ. ತಂತಿ ತೆಗೆದು ಹೊಸ ಕನೆಕ್ಷನ್ ಹಾಕಲು ಬಂದವರನ್ನೆಲ್ಲ ಅವರು ಗೇಟಿನಿಂದಲೇ ವಾಪಸ್ ಕಳಿಸಿದ್ದಾರೆ. ಎರಡು ವರ್ಷದಲ್ಲಿ ಮೊದಲ ಬಾರಿಗೆ ನಾನಾಗಿಯೇ ಅವರ ಬಾಗಿಲು ತಟ್ಟಿದೆ. ಅವರು ವಿಷಯ ಪೂರ್ತಿ ಕೇಳದೆ ಹಲಸೂರಿನ ಕುಪ್ಪುಸ್ವಾಮಿಯವರಿಗೆ ಫೋನ್ ಮಾಡಿದರು. ಈ ಭಾಗದ ಟೆಲಿಫೋನ್ ಕಂಬಗಳನ್ನೆಲ್ಲ ಮೂವತ್ತು ವರ್ಷ ಹತ್ತಿ ಇಳಿದು ನಿವೃತ್ತರಾದ ಲೈನ್‌ಮ್ಯಾನ್ ಅವರು. ಸಂಜೆಯ ಹೊತ್ತಿಗೆ ಸ್ಕೂಟರಿನಲ್ಲಿ ಬಂದರು. ನನ್ನ ಟಿಪ್ಪಣಿಯನ್ನು ಓದಲಿಲ್ಲ. ವಸ್ತುವನ್ನು ಎತ್ತಿ, ಕೊಕ್ಕೆಯನ್ನು ತಮ್ಮ ಬೆಲ್ಟಿಗೆ ಸಿಕ್ಕಿಸಿಕೊಂಡು, ಎರಡು ಹೆಜ್ಜೆ ನಡೆದು ನೋಡಿದರು. ಗುರುತು ಹಿಡಿಯುವ ಈ ಕ್ರಮ ನನಗೆ ಹೊಳೆದಿರಲಿಲ್ಲ.

ಯುದ್ಧದ್ದೂ ಅಲ್ಲ, ರೈಲ್ವೆಯದ್ದೂ ಅಲ್ಲ, ಕಂಬದ ಮೇಲೆ ಲೈನ್ ಪರೀಕ್ಷಿಸುವ ನಮ್ಮ ಇಲಾಖೆಯ ಟೆಸ್ಟ್ ಸೆಟ್ಟೇ ಎಂದರು. ಗೇಟಿನ ಪಕ್ಕದ ಗೋಡೆಯ ಮೇಲೆ ಆಂಟಿಯ ಫೋನಿನ ತಂತಿ ಬಂದು ಸೇರುವ ಪುಟ್ಟ ಡಬ್ಬಿ ತೆರೆದು, ಎರಡು ತಿರುಪುಗಳಿಗೆ ಎರಡು ಕ್ಲಿಪ್ಪು ಕಚ್ಚಿಸಿದರು. ರಿಸೀವರಿನ ಪಕ್ಕದಲ್ಲಿದ್ದ ಸ್ವಿಚ್ಚನ್ನು ನಾನು ಅಲಂಕಾರವೆಂದು ಬರೆದುಕೊಂಡಿದ್ದೆ. ಒಂದು ಕಡೆ ತಳ್ಳಿದರೆ ಬರೀ ಕೇಳುವುದಕ್ಕೆ, ಇನ್ನೊಂದು ಕಡೆ ಮಾತಿಗೆ ಎಂದು ತೋರಿಸಿದರು. ಮೊದಲು ಕೇಳಬೇಕು, ಯಾರಾದರೂ ಮಾತಾಡುತ್ತಿದ್ದರೆ ಆ ಕ್ಷಣವೇ ಕಳಚಬೇಕು.

"ಕಿವಿಗೆ ಬಿದ್ದಿದ್ನ ಕಂಬದ ಮೇಲೇ ಬಿಟ್ಟು ಇಳೀಬೇಕು ಮೇಡಂ. ಈ ಏರಿಯಾದ ಎಷ್ಟು ಮದುವೆ ಮುರಿದಿದ್ದು ನಂಗೆ ಫಸ್ಟ್ ಗೊತ್ತು. ಮನೇಲೂ ಹೇಳಿಲ್ಲ."

ರಿಸೀವರನ್ನು ನನ್ನ ಕಿವಿಗೆ ಹಿಡಿದರು. ಗುಂಯ್ ಎಂಬ ಅಖಂಡ ಸ್ವರ. ಗುಜರಿಯ ಮಿಕ್ಸಿ ಜಾರುಗಳ ನಡುವೆ ಬಿದ್ದಿದ್ದ ವಸ್ತು ಇಡೀ ಊರಿಗೆ ಜೋಡಿಸಿಕೊಂಡು ಉಸಿರಾಡುತ್ತಿತ್ತು. ನಾನು ಕುಣಿದೆ ಎಂದು ಆಂಟಿ ಈಗಲೂ ಹೇಳುತ್ತಾರೆ. ಹಿಮ್ಮಡಿ ಎತ್ತಿದ್ದು ಮಾತ್ರ ನಿಜ.

ಮಾತೂ ಹೋಗುತ್ತದೆಯೇ ನೋಡಲು ಕುಪ್ಪುಸ್ವಾಮಿ ನನ್ನ ಮೊಬೈಲ್ ನಂಬರ್ ಕೇಳಿದರು. ತಂತಿಯ ಫೋನಿನಿಂದ ಮಾಡುವಾಗ ಮುಂದೆ ಹಾಕಬೇಕಾದ ಸೊನ್ನೆಯೂ ಸೇರಿ ಅದರಲ್ಲಿ ನಾಲ್ಕು ಸೊನ್ನೆ, ಎರಡು ಒಂಬತ್ತು. ಪ್ರತಿ ಸೊನ್ನೆಗೂ ಡಯಲ್ ಪೂರ್ತಿ ಸುತ್ತು ಹೋಗಿ ಕಿರಗುಟ್ಟುತ್ತಾ ವಾಪಸ್ ಬರುವುದನ್ನು ಮೂವರೂ ಉಸಿರು ಬಿಗಿಹಿಡಿದು ನೋಡಿದೆವು. ಹನ್ನೊಂದನೆಯ ಅಂಕಿ ಮುಗಿದು ಅರೆಕ್ಷಣಕ್ಕೆ ನನ್ನ ಕೈಯಲ್ಲಿದ್ದ ಮೊಬೈಲ್ ಮೊಳಗಿತು. ಪರಿಚಯವಿಲ್ಲದ ನಂಬರ್. ನನ್ನ ಹೆಬ್ಬೆರಳು, ಯಾರನ್ನೂ ಕೇಳದೆ, ಕಟ್ ಮಾಡಿತು.

ಕುಪ್ಪುಸ್ವಾಮಿ ರಿಸೀವರ್ ಕೆಳಗಿಳಿಸಿ, ಕಚೇರಿಗೆ ವರದಿ ಒಪ್ಪಿಸುವ ಧ್ವನಿಯಲ್ಲಿ, "ಲೈನ್ ಕ್ಲಿಯರ್ ಇದೆ. ಪಾರ್ಟಿ ಕಟ್ ಮಾಡ್ತು" ಎಂದರು.

ಎರಡನೆಯ ಸಲ ಎತ್ತಿದೆ. ಎರಡು ಅಡಿ ದೂರದಲ್ಲಿ ನಿಂತು ಪರಸ್ಪರ ಹಲೋ ಎಂದುಕೊಂಡೆವು. ಆಮೇಲೆ ಅವರು ಇದನ್ನೇನು ಮಾಡುತ್ತೀರಿ ಎಂದು ಕೇಳಿದರು. ಲ್ಯಾಂಪ್ ಎಂದೆ. ಅವರು ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿ, ವೈರನ್ನು ಸುತ್ತಿ, ನನ್ನ ಕೈಗಿಟ್ಟರು.

"ಸತ್ತೋಗಿರೋದಕ್ಕೆ ಬಲ್ಬ್ ಹಾಕ್ಲಿ ಮೇಡಂ. ಇದಿನ್ನೂ ಮಾತಾಡ್ತಿದೆಯಲ್ಲ."

ಕಾಫಿಯನ್ನೂ ಕುಡಿಯದೆ ಸ್ಕೂಟರ್ ಹತ್ತಿದರು. ನಾನು ಮೇಲೆ ಹೋಗಿ ಲ್ಯಾಂಪಿನ ಅಂಗಡಿಯ ಮಾಲೀಕರಿಗೆ, ಕೊಡಲಾರೆ ಎಂಬ ಕ್ಷಮೆಯ ಸಂದೇಶವನ್ನು ನಾಲ್ಕು ಥರ ಬರೆದು ಕಳಿಸಿದೆ. ಒಂದನ್ನೂ ಅವರು ತೆರೆಯಲಿಲ್ಲ. ಬಾಯಿಬಿಟ್ಟು ಹೇಳದೆ ಬೇರೆ ದಾರಿಯಿರಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಆಂಟಿಯ ಅನುಮತಿ ಪಡೆದು ಗೇಟಿನ ಬಳಿ ಹೋದೆ. ಹೇಗೂ ಫೋನ್ ಮಾಡಲೇಬೇಕು, ಅದನ್ನು ಇದರಿಂದಲೇ ಮಾಡೋಣ ಎನಿಸಿತ್ತು. ಕ್ಲಿಪ್ಪು ಕಚ್ಚಿಸಿ, ಕೇಳಿ, ಸ್ವಿಚ್ಚು ತಳ್ಳಿ, ಹನ್ನೊಂದು ಅಂಕಿ ತಿರುಗಿಸಿದೆ. ಮಾಲೀಕರು ಎತ್ತಿದರು. ಕೊಡುವುದಿಲ್ಲ, ತಪ್ಪು ನನ್ನದೇ ಎಂದೆ. ಅವರು ಹದಿನೈದು ಸಾವಿರ ಕೊಡ್ತೀನಿ ಮೇಡಂ ಎಂದರು. ಆಗ ಮನೆಯೊಳಗಿನ ಫೋನಿನಿಂದ, ಅದೇ ಲೈನಿನಲ್ಲಿ, ಮೂರನೆಯ ದನಿಯೊಂದು ಬಂತು:

"ಇಪ್ಪತ್ತು ಕೇಳಮ್ಮಾ. ನಾನೇನೂ ಕೇಳಿಸ್ಕೊಳ್ತಾ ಇಲ್ಲ, ನೀನ್ ಮಾತಾಡು."

ಕೊಡುವುದಿಲ್ಲ ಎಂದು ಇನ್ನೊಮ್ಮೆ, ಈ ಸಲ ಇಬ್ಬರಿಗೂ ಸೇರಿಸಿ, ಫೋನಿನ ಅಗತ್ಯವೇ ಇಲ್ಲದಷ್ಟು ಗಟ್ಟಿಯಾಗಿ ಹೇಳಿದೆ. ಆಮೇಲೆ ಕ್ಲಿಪ್ಪು ಕಳಚಿ, ಗೋಡೆಯ ಕಡೆಗೇ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಿದ್ದೆ. ನನ್ನ ಕೂಗು ಕೇಳಿ ಬೀದಿಯ ಅಷ್ಟೂ ಮನೆಗಳವರು ತಮ್ಮ ತಮ್ಮ ಗೇಟಿಗೆ ಬಂದಿದ್ದರು.