ಕಾಕಾನ ಕಿವಿಯ ಅರಳೆ

ನಮ್ಮ ಕಾಕಾನನ್ನು ಊಟಕ್ಕೆ ಕರೆಯುವವರಿದ್ದರೆ, ಮೊದಲು ಬುಟ್ಟಿಯಲ್ಲಿ ರೊಟ್ಟಿ ಇದೆಯೇ ನೋಡಿಕೊಂಡು ಕರೆಯಿರಿ. ಏಕೆಂದರೆ ಕರೆದರೆ ಆತ ಬಂದೇ ಬಿಡುತ್ತಾನೆ! ಅದರಲ್ಲೇನು ವಿಶೇಷ ಎನ್ನುತ್ತೀರಾ? ನಮ್ಮ ಕಡೆ ಉಣ್ಣಲು ಕೂತವರು ಎದುರಿಗೆ ಬಂದವರನ್ನು "ಬರ್ರಿ, ಊಟ ಮಾಡೂಣು" ಎನ್ನಲೇಬೇಕು. ಬಂದವರು ಹೊಟ್ಟೆ ಚುರುಗುಟ್ಟುತ್ತಿದ್ದರೂ "ಈಗ ಆತ್ರಿ, ನೀವು ಮಾಡ್ರಿ" ಎಂದು ಮುಂದೆ ನಡೆಯಲೇಬೇಕು. ಯಾರೂ ಕಲಿಸದೆ ಎಲ್ಲರಿಗೂ ಬರುವ ಈ ವಿದ್ಯೆ ಕಾಕಾನಿಗೆ ಮಾತ್ರ ಬರಲಿಲ್ಲ.

ಒಮ್ಮೆ ಆತನ ಜೊತೆ ಬಬಲೇಶ್ವರದ ಸಂತೆಗೆ ಹೋಗಿದ್ದೆ. ಪರಿಚಯದ ಅಂಗಡಿಯವರು ಬುತ್ತಿ ಬಿಚ್ಚುತ್ತ "ಬರ್ರಿ" ಎಂದರು. ನಾನು "ಆತ್ರಿ" ಎನ್ನುವಷ್ಟರಲ್ಲಿ ಕಾಕಾ ಕೈ ತೊಳೆದು ಕೂತಾಗಿತ್ತು! ರೊಟ್ಟಿ, ಪುಂಡಿಪಲ್ಯ ಎಲ್ಲ ಮುಗಿಸಿ, "ಚಲೋ ಇತ್ತು. ಇನ್ನೂ ಅದಾವೇನ್ರಿ?" ಎಂದು ಬೇರೆ ಕೇಳಿದ. ಅಂಗಡಿಯವರು ಖಾಲಿ ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಾನು ಓಡಿಹೋಗಿ ಅವರಿಗೆ ಚುರುಮುರಿಯ ಗಿರಮಿಟ್ ಕಟ್ಟಿಸಿಕೊಂಡು ಬಂದೆ.

"ಕರದ್ರು, ಕುಂತೆ. ನೀ ಯಾಕ ಸಿಟ್ಟಾಗ್ತಿ?" ಎಂದ ಕಾಕಾ.

"ಸುಮ್ನ ಕರದಿದ್ರು ಕಾಕಾ!"

"ಸುಮ್ನ ಯಾಕ ಕರೀತಾರ?"

ನಾನು ಸಂತೆಯ ಚೀಲ ಎತ್ತಿಕೊಂಡು ನಡೆದೆ.

ಕಾಕಾನ ಕಿವಿಯಲ್ಲಿ ಸದಾ ಅರಳೆ ಇರುತ್ತದೆ. ಮದುವೆಯ ಬ್ಯಾಂಡು ಹಾಗಿರಲಿ, ಟ್ಯೂಬ್‌ಲೈಟಿನ ಗುಂಯ್ ಎನ್ನುವ ಸದ್ದೂ ಆತನಿಗೆ ತಲೆಯೊಳಗೆ ಮೊಳೆ ಹೊಡೆದಂತೆ. ಅಜ್ಜಿ ಮುದ್ದಿನಿಂದ "ಹುಚ್ಚಪ್ಪ" ಎನ್ನುತ್ತಿದ್ದಳು. ಊರವರೂ ಹಾಗೇ ಅಂದರು, ಮುದ್ದೊಂದನ್ನು ಬಿಟ್ಟು. ನಲವತ್ತು ದಾಟಿದ ಮೇಲೆ ವಿಜಯಪುರದ ಡಾಕ್ಟರು, ಇದು ಆಟಿಸಂ, ಹುಟ್ಟಿನಿಂದಲೇ ಬಂದದ್ದು ಎಂದರು. ಕಾಕಾ "ಹಂಗಾರ ಇದು ನಾ ಬೇಕಂತ ಮಾಡಿದ್ದಲ್ಲ?" ಎಂದು ಕೇಳಿದ. ನನಗೆ ಅಳು ತಡೆಯಲಾಗಲಿಲ್ಲ.

ಕಾಕಾನಿಗೆ ನಮ್ಮೂರು ತಿಕೋಟಾದಲ್ಲೇ, ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜೊಂದರಲ್ಲಿ ಪೆಟ್ಟಿಗೆಗಳಿಗೆ ಚೀಟಿ ಹಚ್ಚುವ ಕೆಲಸ ಸಿಕ್ಕಿತು. ಮೊದಲ ದಿನ ಮಾಲೀಕರು ಬೆನ್ನು ತಟ್ಟಿ, "ಇದು ನಿಮ್ಮ ಮನಿ ಅಂತ ತಿಳೀರಿ" ಎಂದರು. ಅಯ್ಯೋ, ಯಾರ ಮುಂದೆ ಏನು ಹೇಳಿಬಿಟ್ಟರು! ಕಾಕಾ ಟ್ಯೂಬ್‌ಲೈಟ್ ಆರಿಸಿದ, ಟಿವಿ ಬಂದ್ ಮಾಡಿದ, ಮಧ್ಯಾಹ್ನ ಉಂಡು ಮಾಲೀಕರ ಸೋಫಾದ ಮೇಲೆ ಮಲಗಿ ಗೊರಕೆ ಹೊಡೆದ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಮಾಲೀಕರೂ ನಕ್ಕರು. ಆ ಕೆಲಸವೆಂದರೆ ಕಾಕಾನಿಗೆ ಜೀವ. ರಜೆಯ ದಿನ ಬಂದರೆ ಮುಖ ಬಾಡುತ್ತಿತ್ತು.

ಆಮೇಲೆ ಒಣದ್ರಾಕ್ಷಿ ವಿಂಗಡಿಸುವ, ದಿನವಿಡೀ ದಡದಡ ಎನ್ನುವ ಹೊಸ ಮಷೀನು ಬಂತು. ಅದನ್ನು ತಂದು ಇಟ್ಟಿದ್ದು ಕಾಕಾನ ಮಗ್ಗುಲಿಗೇ! "ಹಿಂದಿನ ಖೋಲ್ಯಾಗ ಕುಂತು ಚೀಟಿ ಹಚ್ತೀನ್ರಿ" ಎಂದು ಆತ ದಿನಾ ಕೇಳಿದ. ಒಬ್ಬನಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎಂದರು ಮಾಲೀಕರು. ಒಂದು ದಿನ, ಮಾಲು ತಂದ ರೈತರು ಸಾಲುಗಟ್ಟಿ ನಿಂತಿದ್ದಾಗ, ತಡೆಯಲಾಗದೆ ಕಾಕಾ ಮಷೀನನ್ನೇ ನಿಲ್ಲಿಸಿಬಿಟ್ಟ. ಈ ಸಲ ಯಾರೂ ನಗಲಿಲ್ಲ. "ಮನಿಗಿ ನಡೀರಿ. ಬೇಕಾದಾಗ ಹೇಳಿ ಕಳಸ್ತೇವಿ" ಎಂದರು ಮಾಲೀಕರು.

ನಾನು ವಿಜಯಪುರದಿಂದ ಹೋಗಿ ಅವರನ್ನು ಕಂಡೆ. "ಇಂಥವರಿಗೆ ಕೆಲಸದ ಜಾಗ ಹೊಂದಿಸಿ ಕೊಡಬೇಕಂತ ಕಾಯ್ದೆ ಐತ್ರಿ" ಎಂದೆ.

"ಅಂಗವಿಕಲರಿಗೆ ನಾ ಏನ ಕಡಿಮಿ ಮಾಡೀನಿ ತಂಗಿ? ಬಾಗಲಕ್ಕ ಗಾಲಿಕುರ್ಚಿ ಹತ್ತಾಕ ಇಳಿಜಾರ ಕಟ್ಟಿಸೀನಿ, ನೋಡವಾ. ನಿಮ್ಮ ಕಾಕಾಗ ಏನಾಗೇತಿ? ಕೈಕಾಲು ಗಟ್ಟಿ ಅದಾವ!"

"ಒಂದು ಖೋಲಿ ಕೇಳಾಕತ್ತೇವ್ರಿ, ಅಷ್ಟ."

"ನೋಡೂಣು" ಎಂದರು. ಹೊರಗೆ ಬಂದು ನೋಡಿದೆ. ಇಳಿಜಾರಿನ ಮೇಲೆ ಖಾಲಿ ಪೆಟ್ಟಿಗೆ ಒಟ್ಟಿದ್ದರು! ಮೈಯೆಲ್ಲ ಉರಿಯಿತು. ನೇರ ಜಿಲ್ಲಾ ಕಚೇರಿಗೆ ಹೋಗಿ ದೂರು ಕೊಟ್ಟೆ. ಅಲ್ಲಿಯವರು ಬಹಳ ಮರ್ಯಾದೆಯಿಂದ, ಹೇಳಿ ಕಳಿಸುತ್ತೇವೆ ಎಂದರು.

ಹೋದ ವಾರ ತಿಕೋಟಾದ ಮನೆಗೆ ಹೋದಾಗ ಕಾಕಾ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಬುತ್ತಿ. ರಸ್ತೆಯಲ್ಲಿ ಟ್ರ್ಯಾಕ್ಟರು, ಜೀಪುಗಳ ಗದ್ದಲ. ಒಂದೊಂದು ಹಾರ್ನಿಗೂ ಆತನ ಮೈ ಝಲ್ಲೆನ್ನುತ್ತಿತ್ತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದ. ನೋಡಿದರೆ ಕಿವಿಯಲ್ಲಿ ಅರಳೆ ಇಲ್ಲ.

"ಕಾಕಾ, ಅರಳಿ ಎಲ್ಲೈತಿ? ಇಟ್ಕೊ."

"ಬ್ಯಾಡ. ಹೇಳಿ ಕಳಸ್ತೇವಿ ಅಂದಾರ. ಅರಳಿ ಇಟ್ಕೊಂಡ್ರ ಅವರು ಕರದದ್ದು ಕೇಳಸೂದಿಲ್ಲ."

ಅವರು ಸುಮ್ಮನೆ ಅಂದಿದ್ದಾರೆ ಕಾಕಾ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಸುಮ್ಮನೆ ಯಾಕೆ ಅನ್ನುತ್ತಾರೆ ಎಂದು ಮತ್ತೆ ಕೇಳಿದರೆ? ಹೋಗಿ ಪಕ್ಕದಲ್ಲಿ ಕೂತೆ. ಕಾಕಾ ರಸ್ತೆಯಿಂದ ಕಣ್ಣು ತೆಗೆಯದೆ ಬುತ್ತಿ ಬಿಚ್ಚಿದ.

"ಬಾ, ಊಟ ಮಾಡೂಣು" ಎಂದ.

ಕಾಕಾ ಯಾರನ್ನೂ ಸುಮ್ಮನೆ ಕರೆಯುವವನಲ್ಲ. ನಾನು ಎದ್ದು ಕೈ ತೊಳೆದುಕೊಂಡು ಬಂದೆ.