ಬೀಡಿ ಬಿಡಿಸಲು ಹೋದವಳು

ಮಣಿಪಾಲದ ಆಸ್ಪತ್ರೆಯೊಂದರ ಗಂಟಲು ವಿಭಾಗದಲ್ಲಿ ನಾನು ನರ್ಸ್ ಆಗಿದ್ದೆ. ತೊಂಬತ್ತರ ದಶಕದ ಕೊನೆಯಿಂದ ಊರೂರಿಗೆ ಹೋಗಿ ಗಂಟಲು ಕ್ಯಾನ್ಸರ್ ತಪಾಸಣೆ ಶಿಬಿರ ಮಾಡುತ್ತಿದ್ದೆವು. ರೋಗದ ಹೆಸರು ಕೇಳಿದರೇ ಎದೆ ನಡುಗುತ್ತದೆ. ಆದರೂ ನಗದೆ ವಾಪಸು ಬಂದ ಶಿಬಿರ ಒಂದೂ ನೆನಪಿಲ್ಲ.

ಉಂಟಾ?

ನಿಟ್ಟೆಯ ಶಿಬಿರಕ್ಕೆ ಬೀಡಿ ಕಟ್ಟುವ ಅಜ್ಜಿಯೊಬ್ಬರು ಬಂದಿದ್ದರು. ಎಲ್ಲರ ಅಭ್ಯಾಸ ಕೇಳಿಕೊಳ್ಳುವುದು ನನ್ನ ಕೆಲಸ.

"ಬೀಡಿ ಉಂಟಾ ಅಮ್ಮಾ?" ಎಂದೆ.

ಅವರು ಅತ್ತಿತ್ತ ನೋಡಿ, ಸೆರಗಿನ ಗಂಟು ಬಿಚ್ಚಿ ಒಂದು ಬೀಡಿ ನನ್ನ ಕೈಗಿಟ್ಟರು. "ಡಾಕ್ಟ್ರಿಗೆ ಕಾಣದ ಹಾಗೆ ಸೇದು. ಆದ್ರೆ ಅಭ್ಯಾಸ ಮಾಡ್ಕೊಳ್ಬೇಡ ಮಗಾ, ಗಂಟಲಿಗೆ ಒಳ್ಳೆಯದಲ್ಲ!"

ಬೇರೆ ಬೇರೆ

ಕಾರ್ಕಳದ ನಿವೃತ್ತ ಬಸ್ ಕಂಡಕ್ಟರ್ ಒಬ್ಬರ ಸ್ವರ ಒಡೆದು ತಿಂಗಳಾಗಿತ್ತು. ಡಾಕ್ಟರು ಪರೀಕ್ಷಿಸಿ, "ಸದ್ಯಕ್ಕೆ ಭಯವಿಲ್ಲ. ಆದರೆ ಸಿಗರೇಟೂ ಅಪಾಯ, ಕುಡಿತವೂ ಅಪಾಯ. ಎರಡೂ ಸೇರಿದರೆ ಇನ್ನೂ ಜಾಸ್ತಿ" ಎಂದರು.

"ಹಾಗಾದ್ರೆ ಒಂದು ದಿನ ಅದು, ಒಂದು ದಿನ ಇದು. ಒಟ್ಟಿಗೆ ಸೇರಲಿಕ್ಕೆ ಬಿಡುವುದಿಲ್ಲ ಸರ್!"

"ದಿನ ಬೇರೆಯಾದ್ರೂ ಹೋಗುವ ದಾರಿ ಒಂದೇ ಅಲ್ವಾ ಮಾರಾಯ್ರೆ?" ಎಂದು ಡಾಕ್ಟರು ನಕ್ಕರು.

ಮುಂದಿನ ಸಲ ಬಂದಾಗ ಎರಡನ್ನೂ ಬಿಟ್ಟಿದ್ದರು. ನನಗೆ ಆಶ್ಚರ್ಯ. ಹೇಗೆ ಸಾಧ್ಯವಾಯಿತು ಎಂದು ಕೇಳಿದೆ.

"ಎರಡನ್ನೂ ಒಂದೇ ಸ್ಟಾಪಿನಲ್ಲಿ ಇಳಿಸಿದೆ ಸಿಸ್ಟರ್!"

ಬ್ಯಾಟರಿ

ಕಾಪುವಿನಲ್ಲಿ ಮೀನಿನ ಏಲಂ, ಅಂದರೆ ಹರಾಜು, ಕೂಗುವವರೊಬ್ಬರನ್ನು ಮರೆಯಲಾರೆ. ವರ್ಷಗಟ್ಟಲೆ ಬೀಡಿ ಸೇದಿ, ಕ್ಯಾನ್ಸರ್ ಆಗಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಕೂಗಿಯೇ ಬದುಕಿದ ಮನುಷ್ಯ ವಾರ್ಡಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಆಮೇಲೆ ಕತ್ತಿಗೆ ಒತ್ತಿ ಹಿಡಿದು ಮಾತಾಡುವ, ಟಾರ್ಚಿನಂಥ ಯಂತ್ರವೊಂದು ಸಿಕ್ಕಿತು. ಹಟ ಹಿಡಿದು ಮಾತು ಕಲಿತರು. ಗುಂಯ್ ಎನ್ನುವ ಆ ಸ್ವರದಲ್ಲೇ ಕಡಲ ಬದಿಯಲ್ಲಿ ಮತ್ತೆ ಏಲಂ ಕೂಗಿದರು!

ಅಲ್ಲಿನ ಶಿಬಿರದಲ್ಲಿ ಅವರನ್ನೇ ಭಾಷಣಕ್ಕೆ ನಿಲ್ಲಿಸಿದೆವು. ಎದುರಿಗೆ ದೋಣಿಗೆ ಹೋಗುವ ಯುವಕರು. ಅವರಲ್ಲೊಬ್ಬ ಎದ್ದು, "ಅಣ್ಣ, ಬೀಡಿ ಸೇದಿದ್ರೆ ಎಂತ ಆಯ್ತು? ನೀವು ಈಗ್ಲೂ ಮಾತಾಡ್ತೀರಲ್ಲ!" ಎಂದ.

ಅವರು ಯಂತ್ರ ಕತ್ತಿಗೊತ್ತಿದರು. "ನಿನಗೆ ಮದುವೆ ಆಗಿದೆಯಾ?"

"ಹೋದ ತಿಂಗಳು."

"ಹಾಗಾದ್ರೆ ಕೇಳು. ಜಗಳ ಬಂದ್ರೆ ನನ್ನ ಹೆಂಡತಿ ಉತ್ತರ ಕೊಡುವುದಿಲ್ಲ. ಇದರ ಬ್ಯಾಟರಿ ತೆಗೆದು ಅಕ್ಕಿ ಡಬ್ಬಿಯಲ್ಲಿ ಅಡಗಿಸ್ತಾಳೆ!"

ಯುವಕ ಮುಂದೆ ಬಂದು ಕಿಸೆಯ ಬೀಡಿ ಕಟ್ಟನ್ನು ಮೇಜಿನ ಮೇಲಿಟ್ಟ. ಚಪ್ಪಾಳೆಯ ನಡುವೆ ಹಿಂದಿನ ಸಾಲಿನಿಂದ ಏಲಂ ಕೂಗುವವರ ಹೆಂಡತಿಯ ಸ್ವರ ಕೇಳಿತು:

"ಅಕ್ಕಿ ಡಬ್ಬಿ ಅಂತ ನಿಮಗೆ ಹೇಗೆ ಗೊತ್ತಾಯ್ತು? ಇನ್ನು ಜಾಗ ಬದಲಿಸ್ಬೇಕು!"